ಬಿಡ್ತು ಅನ್ನಿ

ಸಾಫ್ಟ್‌ವೇರ್ ಬದಲಾಯಿಸುವಾಗ ಏನೇನು ಕೆಡಬಹುದು, ಯೋಚನೆ ಮಾಡಿ ಹೇಳಿ ಎಂದು ನಯನ ಕೇಳಿದಾಗ ನಮ್ಮ ಆಫೀಸಿನಲ್ಲಿ ಯಾರೂ ಬಾಯಿ ಬಿಡಲಿಲ್ಲ. ಕೆಟ್ಟದ್ದನ್ನು ಕೂತು ಯೋಚಿಸುವುದು, ಅದನ್ನು ಬಾಯಲ್ಲಿ ಆಡುವುದು, ಸಾಲದು ಅಂತ ಬರೆದೂ ಇಡುವುದು ಕಡೂರಿನಲ್ಲಿ ಯಾರೂ ಮಾಡುವ ಕೆಲಸವಲ್ಲ. ದುಡ್ಡು ಕೊಟ್ಟು ಮಾಡಿಸುವ ಕೆಲಸವಂತೂ ಅಲ್ಲವೇ ಅಲ್ಲ.

ನಯನ ದಾವಣಗೆರೆಯವಳು. ಹೊಸ ಸಾಫ್ಟ್‌ವೇರಿನ ಕಂಪನಿ ಅವಳನ್ನು ನಮ್ಮ ಪಾಲಿಗೆ ಕಳಿಸಿತ್ತು. ಬುದ್ಧಿವಂತೆ, ಮರ್ಯಾದೆಯ ಹುಡುಗಿ, ಟೀ ಕುಡಿದರೆ ಲೋಟ ತಾನೇ ತೊಳೆದಿಡುವಳು. ಅವಳ ಲ್ಯಾಪ್‌ಟಾಪಿನಿಂದ ಗೋಡೆಯ ಮೇಲೆ ಒಂದು ಪಟ್ಟಿ ಬಿದ್ದಿತ್ತು. ಹಸಿರು ಸಾಲೆಂದರೆ ಚಿಂತೆಯಿಲ್ಲ, ಹಳದಿಯೆಂದರೆ ಒಂದು ಕಣ್ಣಿಟ್ಟಿರಿ, ಕೆಂಪೆಂದರೆ ಇದನ್ನು ಸರಿಮಾಡದೆ ಮುಂದಕ್ಕೆ ಹೋಗಬೇಡಿ.

"ಶುರು ಮಾಡಿದ ದಿನಾನೇ ಸರ್ವರ್ ನಿಂತೋಯ್ತು ಅನ್ಕೊಳ್ಳಿ ಸಾರ್," ಅಂದಳು.

"ಬಿಡ್ತು ಅನ್ನಿ," ಅಂದರು ನಮ್ಮ ಮಾಲೀಕರು ಓಂಕಾರೇಶ್.

"ಅಜ್ಜಂಪುರದ ಗೋಡೌನಿಗೆ ಆರ್ಡರ್ ತಲುಪಲೇ ಇಲ್ಲ. ಮದುವೆ ಮನೆ ಮುಂದೆ ಶಾಮಿಯಾನ ಇಲ್ಲ, ಅಡುಗೆಯವ್ರು ಪಾತ್ರೆ ಇಲ್ದೆ ಕೂತಿದಾರೆ ಅನ್ಕೊಳ್ಳಿ."

"ಬಿಡ್ತು ಅನ್ನು ತಾಯಿ," ಅಂದ ಅಜ್ಜಂಪುರದ ಗೋಡೌನ್ ನೋಡಿಕೊಳ್ಳುವ ಈರಣ್ಣ. ಅವನು ಕೆನ್ನೆಗೆ ಬೇರೆ ಹೊಡೆದುಕೊಂಡ.

ನಮ್ಮಲ್ಲಿ ಯಾರಾದರೂ ಅಪಶಕುನ ನುಡಿದರೆ ತಕ್ಷಣ ಅವರ ಬಾಯಲ್ಲೇ ಬಿಡ್ತು ಅನ್ನಿಸಬೇಕು. ಅನ್ನಿಸಿದರೆ ಮುಗಿಯಿತು, ಆ ಮಾತು ಆಡಿಯೇ ಇಲ್ಲ ಅಂತ ಲೆಕ್ಕ. ನಯನ ಮೊದಮೊದಲು ನಕ್ಕಳು, ಆಮೇಲೆ ಬಿಡ್ತು ಅಂದಳು, ಆಮೇಲೆ ಪ್ರತಿ ಸಾಲಿಗೂ ಅಂದಳು. ಮಧ್ಯಾಹ್ನದ ಹೊತ್ತಿಗೆ ಸಾಕಾಗಿ, ಪಟ್ಟಿಯಲ್ಲಿ 'ಪರಿಹಾರ' ಅಂತ ಇದ್ದ ಕಡೆ ಮೇಲಿಂದ ಕೆಳಗಿನ ತನಕ 'ಬಿಡ್ತು ಅನ್ನುವುದು' ಎಂದು ಟೈಪ್ ಮಾಡಿ ಎಲ್ಲವನ್ನೂ ಹಸಿರು ಮಾಡಿದಳು. ತಮಾಷೆಗೆ ಮಾಡಿದ್ದಳು. ಓಂಕಾರೇಶ್ ಅದನ್ನು ಪೂರ್ತಿ ಓದಿ, ಸರಿಯಾಗಿದೆ ಎಂದು ಸಹಿ ಹಾಕಿದರು.

ಆಮೇಲೆ ಅವಳು ಸೇರಿಸಿದ ಒಂದೇ ಒಂದು ಸಾಲು ಕೆಂಪಾಗಿ ಉಳಿಯಿತು. 'ಮುಖ್ಯ ಅನುಮೋದಕರಿಗೆ ತರಬೇತಿ ಆಗಿಲ್ಲ.' ಮುಖ್ಯ ಅನುಮೋದಕರು ಅಂದರೆ ಓಂಕಾರೇಶರ ತಂದೆ ಮಲ್ಲಿಕಾರ್ಜುನಪ್ಪನವರು. ಈ ವ್ಯಾಪಾರ ಕಟ್ಟಿದವರು, ನಮಗೆಲ್ಲ ಯಜಮಾನರು. ಸಾಫ್ಟ್‌ವೇರ್ ಬಳಸುವವರ ಹೆಸರು ಕೊಡಿ ಎಂದು ನಯನ ಕೇಳಿದಾಗ ಓಂಕಾರೇಶ್ ಮೊದಲು ಕೊಟ್ಟಿದ್ದು ಅವರದೇ.

"ಅಪ್ಪಾಜಿ ಸಾರ್ ಯಾವತ್ತು ಬರ್ತಾರೆ? ಅರ್ಧ ಗಂಟೆ ಸಾಕು ನಂಗೆ," ಅಂದಳು ನಯನ.

"ಅವ್ರಿಗೆ ಬರಕ್ಕಾಗಲ್ಲ."

"ವಯಸ್ಸಾಗಿದೆ ಅಲ್ವಾ. ನಾನೇ ಮನೆಗೆ ಹೋಗಿ ಹೇಳ್ಕೊಡ್ತೀನಿ ಬಿಡಿ."

"ಬೇಡ. ಸದ್ಯಕ್ಕೆ ಬೇಡ."

ಮಲ್ಲಿಕಾರ್ಜುನಪ್ಪನವರು ತೀರಿಕೊಂಡು ಆಗ ಹತ್ತಿರ ಹತ್ತಿರ ಒಂದು ವರ್ಷವಾಗಿತ್ತು.

ಈ ವಿಷಯ ಕಡೂರಿಗೆಲ್ಲ ಗೊತ್ತು. ಮಠದ ಸ್ವಾಮಿಗಳೇ ಬಂದು ಕ್ರಿಯೆ ಮಾಡಿಸಿದ್ದರು, ಸಮಾಧಿ ಮಾಡಿದ ತೋಟಕ್ಕೆ ಹೋಗುವ ದಾರಿಯುದ್ದಕ್ಕೂ ಜನ ನಿಂತಿದ್ದರು. ಗೊತ್ತಿಲ್ಲದವರಂತೆ ಇದ್ದದ್ದು ಓಂಕಾರೇಶ್ ಒಬ್ಬರೇ. ಆಫೀಸಿನಲ್ಲಿ ಅಪ್ಪನ ಫೋಟೋ ಇದೆ, ಹಾರ ಇಲ್ಲ. ಯಾರಾದರೂ ಯಜಮಾನರನ್ನು ಕೇಳಿದರೆ "ಅಪ್ಪಾಜಿ ಇಲ್ಲ, ನನ್ನತ್ರ ಹೇಳಿ" ಅನ್ನುವರು, ಪೇಟೆಗೆ ಹೋಗಿದ್ದಾರೇನೋ ಅನ್ನುವ ಹಾಗೆ. ನಮ್ಮವರಲ್ಲಿ ಲಿಂಗೈಕ್ಯರಾದರು ಅನ್ನುವ ಒಳ್ಳೆಯ ಮಾತೇ ಇದೆ, ಅದೂ ಅವರ ಬಾಯಿಂದ ಬರಲಿಲ್ಲ. ನಾನು ಯಶೋದಾ, ಕಡೂರಿನ ಆಫೀಸ್ ನೋಡಿಕೊಳ್ಳುವವಳು. ನನ್ನ ಬಾಯಿ ಜೋರು ಅಂತ ಅರಸೀಕೆರೆ ತನಕ ಹೆಸರಿದೆ. ಆದರೂ ಮಗ ಎದುರಿಗೆ ಕೂತಿರುವಾಗ ಅವರಪ್ಪ ಸತ್ತ ಸುದ್ದಿಯನ್ನು ಪಕ್ಕದ ಟೇಬಲ್ಲಿನವಳು ಹೇಳುವುದು ಹೇಗೆ? ನಾನೂ ಸುಮ್ಮನಿದ್ದೆ, ಎಲ್ಲರೂ ಸುಮ್ಮನಿದ್ದರು.

ಇನ್ನು ನಮ್ಮ ವ್ಯಾಪಾರದ ಮಾತು. ತೀರ್ಥ ಸಪ್ಲೈಯರ್ಸ್, ಯಜಮಾನರ ಹೆಂಡತಿ ತೀರ್ಥಮ್ಮನವರ ಹೆಸರಿನದು. ಕಡೂರಿನಲ್ಲಿ ಆಫೀಸು ಮತ್ತು ದೊಡ್ಡ ಗೋಡೌನು, ತರೀಕೆರೆ ಮತ್ತು ಅಜ್ಜಂಪುರದಲ್ಲಿ ಒಂದೊಂದು ಗೋಡೌನು. ಶಾಮಿಯಾನ, ಕುರ್ಚಿ, ಜಮಖಾನ, ಕೊಪ್ಪರಿಗೆ, ನೀರಿನ ಡ್ರಮ್ಮು ಬಾಡಿಗೆಗೆ ಕೊಡುತ್ತೇವೆ. ಮದುವೆ, ನಾಮಕರಣಕ್ಕೆ ಜನ ತಿಂಗಳ ಮುಂಚೆ ಬಂದು ಹೇಳಿ ಹೋಗುತ್ತಾರೆ. ಸಾವಿನ ಮನೆಯವರು ಬೆಳಗಾಗುವುದರೊಳಗೆ ಫೋನ್ ಮಾಡುತ್ತಾರೆ. ಅವರನ್ನು ಕಾಯಿಸಬಾರದು, ಅವರ ಹತ್ತಿರ ಚೌಕಾಸಿ ಮಾಡಬಾರದು ಎಂದು ಯಜಮಾನರ ಕಟ್ಟಪ್ಪಣೆ.

ಅವರದು ಇನ್ನೊಂದು ಅಪ್ಪಣೆಯೂ ಇತ್ತು. ಆಫೀಸಿಗೆ ಮೊದಲ ಕಂಪ್ಯೂಟರ್ ಬಂದ ವರ್ಷ ಆಯುಧಪೂಜೆಗೆ ಅದಕ್ಕೂ ವಿಭೂತಿ ಹಚ್ಚಿ, ಬಾಳೆಕಂದು ಕಟ್ಟಿ, ಮಂಗಳಾರತಿ ಎತ್ತಿದೆವು. ಆರತಿ ತಟ್ಟೆ ಕೆಳಗಿಡುವುದರೊಳಗೆ ಬೀರೂರಿನಿಂದ ಸಾವಿನ ಮನೆಯ ಫೋನು. ಯಾವ ಕಾರ್ಯಕ್ರಮ ಎಂದು ಕಂಪ್ಯೂಟರ್ ಕೇಳಿತು. ಅದರಲ್ಲಿ ಮದುವೆ, ನಿಶ್ಚಿತಾರ್ಥ, ನಾಮಕರಣ, ಗೃಹಪ್ರವೇಶ ಇದ್ದವು. ಸಾವು ಅಂತ ಬೇರೆ ಸೇರಿಸಲಾ ಎಂದು ನಾನು ಕೇಳಿದೆ.

"ಈಗ ತಾನೆ ಪೂಜೆ ಆಗೈತೆ ಕಣವ್ವ, ಅದ್ರೊಳಗೆ ಆ ಮಾತು ಬರೀಬೇಡ," ಅಂದರು ಯಜಮಾನರು. "ಗೃಹಪ್ರವೇಶ ಅಂತ ಹಾಕು. ಎರಡಕ್ಕೂ ಸಾಮಾನು ಒಂದೇ."

ಅದು ನಿಜ. ಎರಡಕ್ಕೂ ಶಾಮಿಯಾನ, ಕುರ್ಚಿ, ಜಮಖಾನ, ನೀರಿನ ಡ್ರಮ್ಮು. ಅವತ್ತಿನಿಂದ ನಮ್ಮ ಕಂಪ್ಯೂಟರಿನಲ್ಲಿ ಯಾರೂ ಸತ್ತಿಲ್ಲ. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ತಾಲ್ಲೂಕಿನ ಸಾವುಗಳೆಲ್ಲ ಗೃಹಪ್ರವೇಶಗಳೇ. ನಮಗೇನೂ ಗೊಂದಲವಿರಲಿಲ್ಲ. ಮುಂಗಡವಿಲ್ಲದೆ, ಬೆಳಗಿನ ಜಾವ ಬುಕ್ ಆಗಿ, ಅದೇ ದಿನ ಸಾಮಾನು ಹೋಗಿದ್ದರೆ ಅದು ಯಾವ ಗೃಹಪ್ರವೇಶ ಎಂದು ಲಾರಿಯ ಕ್ಲೀನರಿಗೂ ಗೊತ್ತಾಗುತ್ತಿತ್ತು. ಹಳೆಯ ಸಾಫ್ಟ್‌ವೇರ್ ಒಳ್ಳೆಯದು. ಬರೆದದ್ದನ್ನು ಇಟ್ಟುಕೊಂಡು ಸುಮ್ಮನಿರುತ್ತಿತ್ತು. ಅದನ್ನು ಮಾಡಿಕೊಟ್ಟ ಶಿವಮೊಗ್ಗದವನು ಅಂಗಡಿ ಮುಚ್ಚಿಕೊಂಡು ಹೋದ ಮೇಲೆ ಒಂದೇ ಒಂದು ಹಳೆ ಕಂಪ್ಯೂಟರಿನಲ್ಲಿ, ಅದೂ ಪಕ್ಕಕ್ಕೆ ಒಂದೇಟು ಕೊಟ್ಟರೆ ಮಾತ್ರ, ಓಡುತ್ತಿತ್ತು. ಅದಕ್ಕೇ ಹೊಸದು ಬಂತು.

ಹೊಸದಕ್ಕೆ ಬಾಯಿತ್ತು. ಗಿರಾಕಿಗಳಿಗೆ ತಾನಾಗಿ ಮೆಸೇಜ್ ಕಳಿಸುತ್ತಿತ್ತು. ಒಡವೆ ಅಂಗಡಿಯವರು ಹುಟ್ಟುಹಬ್ಬಕ್ಕೆ ಕಳಿಸುವುದನ್ನು ನೋಡಿ ನಮಗೂ ಅದು ಬೇಕೇ ಬೇಕು ಎಂದು ಓಂಕಾರೇಶ್ ಹಟ ಹಿಡಿದರು. ಮದುವೆಗೆ ವರ್ಷ ತುಂಬಿದರೆ ಒಂದು, ಗೃಹಪ್ರವೇಶಕ್ಕೆ ವರ್ಷ ತುಂಬಿದರೆ ಒಂದು. ಅದರ ಮಾತುಗಳನ್ನು ಎರಡು ದಿನ ಪೆನ್ನು ಕಚ್ಚಿಕೊಂಡು ಕೂತು ತಾವೇ ಬರೆದರು. ಆ ಹೊತ್ತಿಗೆ ನಮಗೆ ಯಾರಿಗೂ ತಲೆಗೆ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಎಷ್ಟೋ ವರ್ಷದಿಂದ ಗೃಹಪ್ರವೇಶ ಅನ್ನುವ ಮಾತು ನಮಗೆ ಎರಡು ಬೇರೆ ಬೇರೆ ಮಾತಾಗಿಬಿಟ್ಟಿತ್ತು.

ಏನೋ ಸರಿಯಿಲ್ಲ ಅನ್ನಿಸಿದ್ದು ನಯನಳಿಗೇ. ಹಳೆಯ ಮಾಹಿತಿಯನ್ನು ಹೊಸದಕ್ಕೆ ಸಾಗಿಸುವಾಗ ತಲೆ ಎತ್ತಿ ಕೇಳಿದಳು.

"ಸಾರ್, ನಿಮ್ಮ ಕಡೆ ಆಷಾಢದಲ್ಲೂ ಗೃಹಪ್ರವೇಶ ಮಾಡ್ತಾರಾ?"

ನಾನು ಲೆಕ್ಕದ ಪುಸ್ತಕದಲ್ಲಿ ತಲೆ ಹುದುಗಿಸಿದೆ.

"ಮಾಡ್ತಾರೆ," ಅಂದರು ಓಂಕಾರೇಶ್.

"ಅಮಾವಾಸ್ಯೆ ದಿನಾನೂ?"

"ನಮ್ಮ ಕಡೆ ಅದೆಲ್ಲ ನೋಡಲ್ಲ."

ವಿಭೂತಿ ಇಲ್ಲದೆ ಲೈಟಿನ ಸ್ವಿಚ್ಚು ಹಾಕದ ಮನುಷ್ಯ ಈ ಮಾತು ಹೇಳಿದರು. ನಯನ ಅವರ ಹಣೆ ನೋಡಿದಳು, ಮೇಜಿನ ಮೇಲಿದ್ದ ಪಂಚಾಂಗ ನೋಡಿದಳು, ಮತ್ತೆ ಕೆಲಸಕ್ಕೆ ತಲೆ ಬಗ್ಗಿಸಿದಳು. ಗಿರಾಕಿ ಹೇಳಿದ್ದನ್ನು ಇಲ್ಲ ಅನ್ನುವುದು ಅವಳ ಕೆಲಸವಾಗಿರಲಿಲ್ಲ.

ಎಲ್ಲ ಕಡೆ ಒಂದೇ ಸಲ ಬದಲಾಯಿಸಿದರೆ ಅಪಾಯ, ಒಂದೊಂದೇ ಊರು ಮಾಡೋಣ ಎಂದು ಅವಳೇ ಹೇಳಿದ್ದಳು. ಮೊದಲು ಅಜ್ಜಂಪುರ, ಆಮೇಲೆ ತರೀಕೆರೆ, ಕೊನೆಗೆ ಕಡೂರು. ಕಡೂರಿನ ದಿನವನ್ನು ಓಂಕಾರೇಶ್ ತಾವೇ ಗೊತ್ತು ಮಾಡಿದರು, ಒಂದು ಸೋಮವಾರ. ಯಾಕೆ ಅವತ್ತೇ ಎಂದು ನಯನ ಕೇಳಿದ್ದಕ್ಕೆ ಒಳ್ಳೇ ದಿನ ಅಂದರು. ಅದು ಯಜಮಾನರ ವರ್ಷದ ಪುಣ್ಯಸ್ಮರಣೆಯ ದಿನ. ಅಪ್ಪನ ದಿನದಲ್ಲಿ ಅಪ್ಪನ ವ್ಯಾಪಾರಕ್ಕೆ ಹೊಸದು ಶುರುವಾಗಲಿ ಅನ್ನುವುದು ಅವರ ಮನಸ್ಸಿನಲ್ಲಿತ್ತು. ಅದನ್ನು ಬಾಯಿಬಿಟ್ಟು ಹೇಳುವವರು ಅವರಲ್ಲ.

ಅಜ್ಜಂಪುರದಲ್ಲಿ ಶುರುವಾದ ವಾರವೇ ಈರಣ್ಣನ ಫೋನ್ ಬಂತು.

"ಯಶೋದಕ್ಕ, ಇಲ್ಲಿ ಲಕ್ಷ್ಮಣಪ್ಪ ಅಂತ ಬಂದವ್ರೆ. ಹೋದ ವರ್ಷ ಅವ್ರ ತಾಯಿ ತೀರ್ಕಂಡಾಗ ನಮ್ಮ ಸಾಮಾನೇ ಹೋಗಿತ್ತು. ಈಗ ಅವ್ರ ಫೋನಿಗೆ ಅಭಿನಂದನೆ ಅಂತ ಬಂದೈತೆ."

ಕೂತಲ್ಲಿಂದ ಎದ್ದು ನಿಂತೆ. "ಬೈತಾ ಇದಾರಾ?"

"ಇಲ್ಲಕ್ಕ. ಹತ್ತು ಪರ್ಸೆಂಟ್ ಡಿಸ್ಕೌಂಟು ಅಂತ ಬರ್ದೈತಲ್ಲ, ತಾಯಿ ವರ್ಷದ ಕಾರ್ಯಕ್ಕೆ ಅದು ಸಿಗ್ತದಾ ಅಂತ ಕೇಳ್ತಾ ಅವ್ರೆ."

ಸಿಕ್ಕಿತು. ಓಂಕಾರೇಶ್ ಇದನ್ನು ಕೇಳಿ, ದೂರು ಬರಲಿಲ್ಲ, ಆರ್ಡರ್ ಬಂತು, ಹಾಗಾದರೆ ತೊಂದರೆಯೇನು ಎಂದರು. ನಾನು ವಿಷಯವನ್ನು ಬಿಡಿಸಿ ಹೇಳಿದೆ. ನಮ್ಮ ಗೃಹಪ್ರವೇಶಗಳೆಲ್ಲ ಗೃಹಪ್ರವೇಶಗಳಲ್ಲ ಎಂದು ಆ ಹುಡುಗಿಗೆ ಒಂದು ಮಾತು ಹೇಳಿಬಿಡಿ, ಅವಳು ಅದನ್ನು ನಿಲ್ಲಿಸುತ್ತಾಳೆ ಅಂದೆ. ನೋಡೋಣ ಅಂದರು. ನೋಡೋಣ ಅಂದರೆ ನಮ್ಮ ಆಫೀಸಿನಲ್ಲಿ ಇಲ್ಲ ಎಂದು ಅರ್ಥ.

ತರೀಕೆರೆಯಲ್ಲಿ ಶುರುವಾದಾಗ ಹಾಗಾಗಲಿಲ್ಲ. ಲಿಂಗದಹಳ್ಳಿ ಕಡೆಯ ದ್ಯಾಮಮ್ಮ ಅನ್ನುವ ಹೆಂಗಸು ಮೊಬೈಲ್ ಕೈಯಲ್ಲಿ ಹಿಡಿದುಕೊಂಡು ಬಸ್ಸಿಳಿದು ನಮ್ಮ ಗೋಡೌನಿಗೆ ಬಂದಳಂತೆ. ಮದುವೆಯಾಗಿ ವರ್ಷ ತುಂಬದ ಮಗಳನ್ನು ಕಳಕೊಂಡವಳು. ಮೆಸೇಜನ್ನು ಅಲ್ಲಿನ ರುದ್ರಮೂರ್ತಿಗೆ ತೋರಿಸಿ ಒಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಳಂತೆ. ಬೈಯಲಿಲ್ಲ, ಅಳಲಿಲ್ಲ. ಕೊಟ್ಟ ಟೀ ಕುಡಿದು, ಮಧ್ಯಾಹ್ನದ ತನಕ ಕೂತಿದ್ದು, ಎದ್ದು ಹೋದಳಂತೆ.

"ಬೈದಿದ್ರೆ ಚೆನ್ನಾಗಿರ್ತಿತ್ತು ಕಣ್ರೀ," ಅಂದ ರುದ್ರಮೂರ್ತಿ ಫೋನಿನಲ್ಲಿ.

ನನಗೆ ಸಿಟ್ಟು ನೆತ್ತಿಗೇರಿತು. ಓಂಕಾರೇಶರ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು, ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು, ಪಾಪ, ಮನುಷ್ಯ ಕೆಟ್ಟವರಲ್ಲ.

"ಕಡೂರು ಒಂದು ಮುಗೀಲಿ ಅಕ್ಕ, ಆಮೇಲೆ ಹೇಳ್ತೀನಿ," ಅಂದರು.

"ಕಡೂರಿನ ಗೃಹಪ್ರವೇಶದಲ್ಲಿ ಮೊದಲ್ನೇದು ಯಾರ್ದು ಗೊತ್ತಾ ನಿಮ್ಗೆ?" ಅಂದೆ. "ಸೋಮವಾರ ಬೆಳಗ್ಗೆ ಅದು ಯಾರ ಫೋನಿಗೆ ಹೋಗುತ್ತೆ, ಯೋಚನೆ ಮಾಡಿದೀರಾ?"

ಅವರು ತಗ್ಗಿಸಿದ್ದ ತಲೆ ಎತ್ತಿದರು.

ಅಪ್ಪ ಹೋದ ದಿನ ಗೋಡೌನಿನಿಂದ ಶಾಮಿಯಾನ, ಕುರ್ಚಿ ಹೊರಗೆ ಹೋಗಬೇಕಿತ್ತು. ಬುಕ್ ಆಗದೆ ಒಂದು ಕುರ್ಚಿಯೂ ಹೊರಗೆ ಹೋಗಬಾರದು ಅನ್ನುವುದು ಅಪ್ಪನದೇ ನಿಯಮ. ಹಾಗಾಗಿ ಓಂಕಾರೇಶ್ ಆ ಬೆಳಿಗ್ಗೆ ಆಫೀಸಿಗೆ ಬಂದು, ತಾವೇ ಕೂತು ಟೈಪ್ ಮಾಡಿದರು. ಹೆಸರು, ಮಲ್ಲಿಕಾರ್ಜುನಪ್ಪ. ಕಾರ್ಯಕ್ರಮ, ಗೃಹಪ್ರವೇಶ. ಫೋನ್ ನಂಬರ್ ಇದ್ದ ಕಡೆ ಅಭ್ಯಾಸಬಲದಿಂದ ಅಪ್ಪನ ನಂಬರನ್ನೇ ಹಾಕಿದರು. ನಾನು ಪಕ್ಕದಲ್ಲೇ ನಿಂತಿದ್ದೆ.

ಆ ಫೋನು ಈಗ ತೀರ್ಥಮ್ಮನವರ ಹತ್ತಿರ ಇದೆ. ಬಟನ್ನಿನ ಹಳೆಯ ಫೋನು. ಅದನ್ನು ಅವರು ದೇವರ ಗೂಡಿನ ಪಕ್ಕ ಇಟ್ಟು, ದಿನಾ ಚಾರ್ಜ್ ಮಾಡುತ್ತಾರೆ. ದೂರದ ಹಳ್ಳಿಯವರ ಬಳಿ ಇರುವುದು ಆ ಒಂದೇ ನಂಬರು. ಅವರು ಯಜಮಾನರನ್ನು ಕೇಳಿಕೊಂಡು ಬೆಳಗಿನ ಜಾವ ಫೋನ್ ಮಾಡುತ್ತಾರೆ. ಅಮ್ಮ ಎತ್ತುತ್ತಾರೆ.

ಓಂಕಾರೇಶ್ ಅಂದೇ ನನ್ನೆದುರಿಗೇ ಸ್ಪೀಕರ್ ಹಾಕಿ ನಯನಳಿಗೆ ಫೋನ್ ಮಾಡಿದರು.

"ಆ ಗೃಹಪ್ರವೇಶದ ಮೆಸೇಜ್ ಸೋಮವಾರ ಬೇಡಮ್ಮ. ನಿಲ್ಲಿಸಿಬಿಡಿ."

"ಸಾರ್, ಇವತ್ತಿಂದ ಎಲ್ಲ ಲಾಕ್ ಆಗಿದೆ. ಬದಲಾವಣೆ ಮುಗಿಯೋ ತನಕ ಯಾರೂ ಏನೂ ಮುಟ್ಟಂಗಿಲ್ಲ. ಕೊನೇ ಗಳಿಗೇಲಿ ಕೈ ಹಾಕಿದ್ರೇನೇ ಎಲ್ಲ ಹಾಳಾಗೋದು ಅಂತ ನೀವೇ ಸಹಿ ಹಾಕಿದೀರ. ತುರ್ತು ಕಾರಣ ಇದ್ರೆ ಮಾತ್ರ ತೆಗೀಬಹುದು."

"ತುರ್ತೇ. ಮನೇಲಿ ಒಂದು ಫಂಕ್ಷನ್ ಐತೆ."

"ಫಂಕ್ಷನ್ ತುರ್ತಲ್ಲ ಸಾರ್. ನಮ್ಮ ಕಂಪನಿಯವ್ರು ಒಪ್ಪೋದು ಬೆಂಕಿ, ಪ್ರವಾಹ, ಇಲ್ಲಾ ಸಾವು. ಮೂರರಲ್ಲಿ ಒಂದಿರಬೇಕು."

"ಬಿಡ್ತು ಅನ್ನಿ," ಅಂದರು ಓಂಕಾರೇಶ್.

"ಬಿಡ್ತು," ಅಂದಳು ನಯನ. ಫೋನ್ ಇಟ್ಟಳು.

ನಾನು ಓಂಕಾರೇಶರನ್ನೇ ನೋಡಿದೆ. ಕೈಯಲ್ಲಿದ್ದ ಕಾರಣವನ್ನು ಕೊಡಲು ಆಗದೆ ಬೆವರುತ್ತಿದ್ದರು. ಬೈಯಬೇಕೆಂದು ಬಾಯಿ ತೆರೆದವಳು ಬೈಯಲಿಲ್ಲ. ಕೊನೆಗೆ ಅವರು ತಮ್ಮದೇ ಒಂದು ಉಪಾಯ ಹೇಳಿದರು. ಸೋಮವಾರ ಬೆಳಿಗ್ಗೆ ನಾನು ಅವರ ಮನೆಗೆ ಹೋಗಬೇಕು, ಅಮ್ಮನ ಹತ್ತಿರದಿಂದ ಫೋನ್ ಇಸಕೊಳ್ಳಬೇಕು, ಮೆಸೇಜ್ ಬಂದ ಮೇಲೆ ಅಳಿಸಿ ವಾಪಸ್ ಕೊಡಬೇಕು. ಅಷ್ಟು ದುಡ್ಡು ಸುರಿದು, ಅಷ್ಟು ಬಣ್ಣದ ಪಟ್ಟಿ ಮಾಡಿ, ನಮ್ಮ ಕಂಪನಿ ಕಂಡುಕೊಂಡ ಮುನ್ನೆಚ್ಚರಿಕೆ ಇದು.

ಸೋಮವಾರ ಹೋದೆ. ಮನೆಯ ಮುಂದೆ ನಮ್ಮದೇ ಶಾಮಿಯಾನ, ನಮ್ಮದೇ ಕುರ್ಚಿ. ಒಳಗೆ ಸ್ವಾಮಿಗಳ ಪಾದಪೂಜೆಗೆ ಸಿದ್ಧತೆ ನಡೆದಿತ್ತು, ಹಿತ್ತಲಲ್ಲಿ ದಾಸೋಹದ ಅಡುಗೆ ಬೇಯುತ್ತಿತ್ತು. ಓಂಕಾರೇಶ್ ಪಂಚೆ ಉಟ್ಟು, ಒಂದು ಕೆಲಸವೂ ಇಲ್ಲದೆ ಅಲ್ಲಿಂದಿಲ್ಲಿಗೆ ಓಡಾಡುತ್ತಿದ್ದರು. ನನ್ನನ್ನು ಕಂಡು ದೇವರ ಗೂಡಿನ ಕಡೆ ಕಣ್ಣಲ್ಲೇ ತೋರಿಸಿದರು.

ಚಾರ್ಜಿಗೆ ಹಾಕುವವಳಂತೆ ಫೋನ್ ತೆಗೆದು ಸೆರಗಿನಲ್ಲಿ ಮುಚ್ಚಿಕೊಂಡೆ. ತೀರ್ಥಮ್ಮನವರು ಹೂ ಕಟ್ಟುತ್ತಾ ಕೂತಿದ್ದವರು ತಲೆ ಎತ್ತಲಿಲ್ಲ.

"ಅದನ್ನ ಎಲ್ಲಿಗೆ ತಗಂಡು ಹೋಗ್ತಿದೀಯ ಕಣೇ?"

"ಚಾರ್ಜಿಗೆ ಅಮ್ಮ."

"ಚಾರ್ಜ್ ತುಂಬೈತೆ. ಕೊಡಿಲ್ಲಿ. ಯಾರ ಮನೇಲಿ ಏನಾಗಿರ್ತದೋ, ಬೆಳಗಿನ ಹೊತ್ತು ಆ ಫೋನ್ ಎತ್ತದೆ ಇರಬಾರದು."

ಜೋರು ಬಾಯಿಯವಳು ಅಂತ ಹೆಸರಿದ್ದೇನು ಬಂತು, ಆ ಹೆಂಗಸಿನ ಎದುರಿಗೆ ಸುಳ್ಳಿನ ಮೇಲೆ ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ. ಕೊಟ್ಟುಬಿಟ್ಟೆ. ಅವರ ಕೈಗೆ ಹೋದ ಸ್ವಲ್ಪ ಹೊತ್ತಿಗೇ ಅದು ಟಿಣ್ ಅಂದಿತು. ಅಮ್ಮ ಕನ್ನಡಕ ಸರಿಮಾಡಿಕೊಂಡರು. ಅವರು ಏನೇ ಓದಿದರೂ ಗಟ್ಟಿಯಾಗಿ ಓದುವವರು.

"ಪ್ರಿಯ ಮಲ್ಲಿಕಾರ್ಜುನಪ್ಪನವರೇ," ಎಂದು ಓದಿದರು. ಅಲ್ಲಿ ನಿಂತರು. ಮತ್ತೆ ಓದಿದರು. "ನಿಮ್ಮ ಗೃಹಪ್ರವೇಶಕ್ಕೆ ಇಂದಿಗೆ ಒಂದು ವರ್ಷ. ಹೃತ್ಪೂರ್ವಕ ಅಭಿನಂದನೆಗಳು. ಇಂಥ ಸಂಭ್ರಮ ನಿಮ್ಮ ಮನೆಯಲ್ಲಿ ಮತ್ತೆ ಮತ್ತೆ ಬರಲಿ. ಮುಂದಿನ ಬುಕಿಂಗಿಗೆ ಶೇಕಡಾ ಹತ್ತು ರಿಯಾಯಿತಿ."

ಓಂಕಾರೇಶ್ ಬಾಗಿಲಲ್ಲೇ ನಿಂತಿದ್ದರು.

"ಇದನ್ನ ಬರ್ದೋರು ಯಾರು?" ಅಂದರು ಅಮ್ಮ.

"ನಾನೇ ಅಮ್ಮ."

"ಕನ್ನಡ ಚೆನ್ನಾಗೈತೆ." ಫೋನನ್ನು ಮಡಿಲಲ್ಲಿಟ್ಟುಕೊಂಡರು. "ಅವತ್ತು ಗೃಹಪ್ರವೇಶ ಅಂತ ಹಾಕ್ದೋರು?"

"ನಾನೇ. ಕಂಪ್ಯೂಟರಲ್ಲಿ ಆ ಮಾತು ಬರೀಬಾರ್ದು ಅಂತ ಅಪ್ಪಾಜಿ ಹೇಳಿದ್ರಲ್ಲ."

"ಕಂಪ್ಯೂಟರಲ್ಲಿ ಬರೀಬೇಡ ಅಂದಿದ್ರು ಕಣೋ. ಬಾಯಲ್ಲಿ ಆಡ್ಬೇಡ ಅಂದಿರ್ಲಿಲ್ಲ." ದನಿ ಏರಲಿಲ್ಲ, ಹೂವಿನ ಕಡೆಯೇ ನೋಡುತ್ತಾ ಹೇಳಿದರು. "ನೀನು ಎಲ್ರಿಗೂ ಅಪ್ಪಾಜಿ ಇಲ್ಲ, ಅಪ್ಪಾಜಿ ಇಲ್ಲ ಅಂತ ಕಳಿಸ್ತೀಯ. ಅವ್ರು ಬೆಳಗ್ಗೆ ಎದ್ದು ಈ ಫೋನಿಗೆ ಮಾಡ್ತಾರೆ, ಯಜಮಾನ್ರು ಬಂದ್ರಾ ಅಂತ. ಪ್ರತಿ ಸಲಾನೂ ನಾನು ಹೇಳ್ಬೇಕು. ಅವ್ರು ಅಯ್ಯೋ ಅಂತಾರೆ, ಯಾವಾಗ ಅಂತಾರೆ, ಹೆಂಗಾಯ್ತು ಅಂತಾರೆ. ಮತ್ತೆ ಮೊದಲಿಂದ ಹೇಳ್ಬೇಕು. ಒಂದು ವರ್ಷದಿಂದ ನಾನೊಬ್ಳೇ ಹೇಳ್ತಾ ಇದೀನಿ. ನಂಗೂ ಸಾಕಾಗೈತೆ ಕಣೋ."

ನನಗೆ ನಾಚಿಕೆಯಾಯಿತು. ಆ ಫೋನಿನಿಂದ ಅಮ್ಮನನ್ನು ಕಾಪಾಡಬೇಕು ಎಂದುಕೊಂಡು ಬಂದವರು ನಾವು. ವರ್ಷದಿಂದ ಆ ಫೋನು ಅವರಿಗೆ ಏನು ಮಾಡುತ್ತಿದೆ ಎಂದು ನಾವು ಒಮ್ಮೆಯೂ ಕೇಳಿರಲಿಲ್ಲ.

"ಈ ಮೆಸೇಜು ಎಲ್ರಿಗೂ ಹೋಗ್ತದಾ?" ಅಂದರು ಅಮ್ಮ ನನ್ನ ಕಡೆ ತಿರುಗಿ.

"ವರ್ಷ ತುಂಬಿದವರಿಗೆ, ಅವತ್ತವತ್ತು," ಅಂದೆ.

"ಹಂಗಾದ್ರೆ ನಾಳೆ ಅಮೃತಾಪುರದ ಜವರಯ್ಯಂಗೆ. ನಮ್ಮನೆ ಸಾವಿನ ಮಾರನೇ ದಿನಾನೇ ಅವನ ಫೋನ್ ಬಂದಿತ್ತು. ನಾನೇ ಎತ್ತಿದ್ದೆ. ತೀರ್ಕಂಡಿದ್ದು ಅವನ ಮಗು."

ಅಷ್ಟು ಹೇಳುವುದರೊಳಗೆ ಫೋನ್ ರಿಂಗಾಯಿತು. ಹಳೆಯ ಫೋನು, ಆ ಕಡೆಯ ಮಾತು ಮನೆಗೆಲ್ಲ ಕೇಳುತ್ತದೆ. ಹೆಬ್ಬೆ ಕಡೆಯ ಯಾರೋ ತೋಟದ ಮೇಸ್ತ್ರಿ. ಅವರ ಕೂಲಿಯವರ ಲೈನ್ ಮನೆಗಳಲ್ಲಿ ಒಬ್ಬರು ಹೋಗಿಬಿಟ್ಟಿದ್ದರು. ಯಜಮಾನರು ಇದಾರಾ, ಫೋನ್ ಕೊಡಿ ಅಂದ. ತೀರ್ಥಮ್ಮನವರು ಏನೂ ಹೇಳದೆ ಫೋನನ್ನು ಮಗನ ಕಡೆ ಚಾಚಿದರು.

ಓಂಕಾರೇಶ್ ಅದನ್ನು ಇಸಕೊಂಡರು.

"ಹಲೋ. ಅಪ್ಪಾಜಿ ಇಲ್ಲ. ನನ್ನತ್ರ ಹೇಳಿ."

"ಎಲ್ಲಿಗೆ ಹೋಗವ್ರೆ ಸ್ವಾಮಿ? ಯಾವಾಗ ಬತ್ತಾರೆ?"

ಅವರು ತಾಯಿಯ ಕಡೆ ನೋಡಿದರು. ತಾಯಿ ಹೂ ಕಟ್ಟುತ್ತಿದ್ದರು. ಆ ಕಡೆಯವನು ಹಲೋ ಹಲೋ ಅನ್ನುತ್ತಲೇ ಇದ್ದ.

"ಅಪ್ಪಾಜಿ ತೀರ್ಕಂಡ್ರು," ಅಂದರು ಓಂಕಾರೇಶ್.

"ಅಯ್ಯೋ ಶಿವನೇ, ಬಿಡ್ತು ಅನ್ನಿ ಸ್ವಾಮಿ!"

"ಇಲ್ಲಪ್ಪ. ನಿಜವಾಗ್ಲೂ ತೀರ್ಕಂಡ್ರು."

ಆ ಮನುಷ್ಯ ಹೇಗಾಯಿತು ಎಂದು ಕೇಳಿದ. ಓಂಕಾರೇಶ್ ಮೊದಲಿಂದ ಹೇಳಿದರು. ರಾತ್ರಿ ಮುದ್ದೆ ಉಂಡು ಮಲಗಿದ್ದು, ಬೆಳಿಗ್ಗೆ ಫೋನ್ ರಿಂಗಾದರೂ ಏಳದೇ ಇದ್ದದ್ದು, ಅದರಿಂದಲೇ ಮನೆಯವರಿಗೆ ಗೊತ್ತಾದದ್ದು. ಹೇಳುತ್ತಾ ಹೇಳುತ್ತಾ ಅಳುತ್ತಿದ್ದರು. ಅಳುತ್ತಲೇ, ನಿಮ್ಮಲ್ಲಿ ಹೋದವರು ಯಾರು, ಜನ ಎಷ್ಟು ಸೇರಬಹುದು, ಲಾರಿ ಎಲ್ಲಿ ತನಕ ಬರುತ್ತದೆ ಎಂದು ಕೇಳಿಕೊಂಡರು. ದುಡ್ಡಿನ ಮಾತು ಎತ್ತಲಿಲ್ಲ. ಥೇಟ್ ಯಜಮಾನರೇ ಮಾತಾಡಿದ ಹಾಗಿತ್ತು. ನನ್ನ ಕಣ್ಣಲ್ಲೂ ನೀರು ನಿಲ್ಲಲಿಲ್ಲ.

ಫೋನ್ ಇಟ್ಟು, ಮುಖ ಒರೆಸಿಕೊಂಡು, ತಮ್ಮ ಮೊಬೈಲಿನಿಂದ ಸ್ಪೀಕರ್ ಹಾಕಿ ನಯನಳಿಗೆ ಮಾಡಿದರು. ಅವಳು ಆಫೀಸಿನಲ್ಲಿ ಹೊಸದನ್ನು ಶುರುಮಾಡಿಸಿ ಕಾಯುತ್ತಿದ್ದಳು.

"ಆ ಗೃಹಪ್ರವೇಶದ ಮೆಸೇಜ್ ಪೂರ್ತಿ ನಿಲ್ಸಿ. ಈಗ್ಲೇ. ನಾಳೆಗೆ ಒಂದೂ ಹೋಗ್ಬಾರದು."

"ಸಾರ್, ಕಾರಣ ಬೇಕು."

"ಸಾವು."

"ಅಯ್ಯೋ." ಅವಳ ದನಿ ಸಣ್ಣಗಾಯಿತು. "ಯಾರು ಸಾರ್?"

"ನಮ್ಮ ಅಪ್ಪಾಜಿ."

"ದೇವ್ರೇ. ಯಾವಾಗ ಸಾರ್?"

"ಹೋದ ವರ್ಷ."

ಆ ಕಡೆಯಿಂದ ಕೀಬೋರ್ಡಿನ ಸದ್ದು ಕೇಳಿಸಿತು, ನಿಂತಿತು, ಮತ್ತೆ ಕೇಳಿಸಿತು. ಹೊರಗೆ ಸ್ವಾಮಿಗಳ ಕಾರು ಬಂದ ಗದ್ದಲ. ಓಂಕಾರೇಶ್ ಫೋನ್ ಹಿಡಿದುಕೊಂಡು ನಿಂತೇ ಇದ್ದರು.

"ನಿಲ್ಲಿಸಿದೀನಿ ಸಾರ್," ಅಂದಳು ನಯನ. ಆಮೇಲೆ ತಡೆದು, "ಸಾರ್, ಪಟ್ಟೀಲಿ ಆ ಕೆಂಪು ಸಾಲು ಒಂದು ಉಳಿದಿತ್ತಲ್ಲ. ತರಬೇತೀದು. ಅದನ್ನ ತೆಗೆದುಬಿಡ್ಲಾ?"

ಓಂಕಾರೇಶ್ ಅಮ್ಮನ ಮಡಿಲಲ್ಲಿದ್ದ ಹಾರದ ಕಡೆ ನೋಡಿದರು. ಅದು ಆಫೀಸಿನ ಫೋಟೋಗೂ ಸಾಲುವಷ್ಟು ಉದ್ದವಾಗಿತ್ತು.

"ತೆಗೀರಿ," ಅಂದರು.